ಮುಚ್ಚಳಿಕೆ ಬರೆಸಿಕೊಳ್ಳುವ ಶಿಸ್ತು

ದ್ವಿತೀಯ ಪಿಯುಸಿ ಫಲಿತಾಂಶ ಬಂದು ಪದವಿ ತರಗತಿಗಳ ಪ್ರವೇಶ ಶುರುವಾಯಿತೆಂದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಜೆರಾಕ್ಸ್ ಅಂಗಡಿಗಳ ಮುಂದೆ ಹೆತ್ತವರು, ಮಕ್ಕಳು ಸಾಲುಗಟ್ಟುತ್ತಾರೆ. ಅಂಕಪಟ್ಟಿ, ಟಿ.ಸಿ., ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಫೋಟೊ. ಇಷ್ಟರ ಜೊತೆಗೆ ಬಹುಪಾಲು ಕಾಲೇಜುಗಳು ತಾವೇ ಅಚ್ಚು ಹಾಕಿಸಿದ ಇನ್ನೊಂದು ಹಾಳೆ ಕೊಡುತ್ತವೆ. ಅದು ಮುಚ್ಚಳಿಕೆ. ಕಾಲೇಜಿನ ನಿಯಮಗಳನ್ನೆಲ್ಲ ಓದಿ ಒಪ್ಪಿದ್ದೇನೆ, ತಪ್ಪಿ ನಡೆದರೆ ಪ್ರಾಂಶುಪಾಲರು ಕೈಗೊಳ್ಳುವ ಯಾವ ಕ್ರಮಕ್ಕೂ ಬದ್ಧ ಎಂಬ ಅರ್ಥದ ಒಕ್ಕಣೆ. ಕೆಳಗೆ ವಿದ್ಯಾರ್ಥಿಯ ಸಹಿ, ಪಕ್ಕದಲ್ಲಿ ಪೋಷಕರ ಸಹಿ. ಆ ನಿಯಮಗಳನ್ನು ಅದುವರೆಗೆ ಇಬ್ಬರೂ ಕಣ್ಣಿನಿಂದ ನೋಡಿರುವುದಿಲ್ಲ. ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಿರುತ್ತಾರೆ, ಸಹಿ ಬಿದ್ದುಬಿಡುತ್ತದೆ.

ನನ್ನ ತಕರಾರಿರುವುದು ಈ ಹಾಳೆಯ ಮೇಲೆ. ಕಾಲೇಜಿಗೆ ನಿಯಮಗಳು ಬೇಡ ಎನ್ನುವವನು ನಾನಲ್ಲ. ಶಿಕ್ಷೆಯೂ ಬೇಕು, ಕೆಲವು ತಪ್ಪಿಗೆ ಈಗಿರುವುದಕ್ಕಿಂತ ಕಠಿಣವಾದ ಶಿಕ್ಷೆಯೇ ಬೇಕು. ಆದರೆ ಆರೋಪ ಬಂದಾಗ ಅದನ್ನು ಯಾರು ವಿಚಾರಿಸುತ್ತಾರೆ, ಆರೋಪ ಹೊತ್ತವನ ಮಾತನ್ನು ಯಾವಾಗ ಕೇಳುತ್ತಾರೆ, ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆದಿಡದ ಕಾಲೇಜಿಗೆ ಶಿಕ್ಷೆ ಕೊಡುವ ನೈತಿಕ ಹಕ್ಕು ಇಲ್ಲ. ನಮ್ಮ ಮುಚ್ಚಳಿಕೆಗಳಲ್ಲಿ ವಿದ್ಯಾರ್ಥಿ ಏನು ಮಾಡಬಾರದು ಎಂಬ ಪಟ್ಟಿ ಉದ್ದಕ್ಕೆ ಇರುತ್ತದೆ. ಕಾಲೇಜು ಏನು ಮಾಡಬೇಕು ಎಂಬ ಒಂದು ಸಾಲೂ ಇರುವುದಿಲ್ಲ.

ಪಟ್ಟಿಯನ್ನೇ ನೋಡೋಣ. ಕೂದಲು ಉದ್ದ ಬಿಡಬಾರದು, ಹರಿದ ಜೀನ್ಸ್ ಹಾಕಬಾರದು, ಮೊಬೈಲ್ ತರಗತಿಯಲ್ಲಿ ಕಾಣಬಾರದು, ಐಡಿ ಕಾರ್ಡ್ ಕೊರಳಲ್ಲೇ ಇರಬೇಕು, ಹುಡುಗ ಹುಡುಗಿಯರು ಕಾರಿಡಾರಿನಲ್ಲಿ ಗುಂಪುಗೂಡಿ ನಿಲ್ಲಬಾರದು, ಮುಷ್ಕರ ಮೆರವಣಿಗೆಗಳಲ್ಲಿ ಭಾಗವಹಿಸಬಾರದು, ರ್‍ಯಾಗಿಂಗ್ ಮಾಡಬಾರದು, ಪರೀಕ್ಷೆಯಲ್ಲಿ ನಕಲು ಮಾಡಬಾರದು. ಒಬ್ಬ ಹುಡುಗನ ಜೀವ ತೆಗೆಯಬಹುದಾದ ಅಪರಾಧವೂ, ಕ್ಷೌರದಂಗಡಿಗೆ ಹೋಗಲು ಬೇಸರಪಟ್ಟದ್ದೂ ಒಂದೇ ಪಟ್ಟಿಯಲ್ಲಿ, ಒಂದೇ ಅಕ್ಷರದಲ್ಲಿ. ಹೀಗೆ ಕಲಸಿಟ್ಟಾಗ ಎರಡು ಅನಾಹುತ ಆಗುತ್ತವೆ. ಸಣ್ಣದಕ್ಕೆ ದೊಡ್ಡ ಶಿಕ್ಷೆ ಬೀಳುತ್ತದೆ. ಸಣ್ಣದನ್ನು ಹಿಡಿಯುವುದರಲ್ಲೇ ಉಪನ್ಯಾಸಕರ ದಿನ ಕಳೆದು ದೊಡ್ಡದು ಕಣ್ತಪ್ಪಿಹೋಗುತ್ತದೆ.

ಒಮ್ಮೆ ಒಂದು ಕಾಲೇಜಿನ ವಿಭಾಗದ ಕೊಠಡಿಯಲ್ಲಿ ನಾನು ಕೂತಿದ್ದಾಗ ಮಾಗಡಿ ಕಡೆಯಿಂದ ಬರುವ ಹುಡುಗಿಯೊಬ್ಬಳನ್ನು ಕರೆಸಿದ್ದರು. ಬೆಳಗ್ಗೆ ಗೇಟು ಹಾಕಿದ ಮೇಲೆ ಬಂದಿದ್ದಳು, ಸೆಕ್ಯುರಿಟಿಯವರು ಐಡಿ ಕಾರ್ಡ್ ಕಿತ್ತುಕೊಂಡಿದ್ದರು. "ಸುಂಕದಕಟ್ಟೆ ಹತ್ರ ಬಸ್ಸು ನಿಂತೇಬಿಡ್ತು ಸರ್" ಅಂದಳು. "ಅದೆಲ್ಲ ಗೊತ್ತಿಲ್ಲಮ್ಮ. ನಾಳೆ ಪೇರೆಂಟ್ಸ್‌ನ ಕರ್ಕೊಂಡು ಬಾ, ಆಮೇಲೆ ಕಾರ್ಡು." "ಅಪ್ಪ ಗಾರೆ ಕೆಲಸಕ್ಕೆ ಹೋಗ್ತಾರೆ ಸರ್, ಬಂದ್ರೆ ಅವತ್ತಿನ ಕೂಲಿ ಹೋಗುತ್ತೆ." ಉತ್ತರ ಬದಲಾಗಲಿಲ್ಲ. ಆ ಉಪನ್ಯಾಸಕರು ಕೆಟ್ಟವರಲ್ಲ. ಇದೇ ಶಿಸ್ತು ಎಂದು ಅವರಿಗೂ ಯಾರೋ ಹೇಳಿಕೊಟ್ಟದ್ದು. ಆದರೆ ಲೆಕ್ಕ ಹಾಕಿ ನೋಡಿ. ಬಸ್ಸು ತಡವಾದದ್ದಕ್ಕೆ ಮಗಳಿಗೆ ಅವಮಾನ, ಅಪ್ಪನಿಗೆ ಒಂದು ದಿನದ ಕೂಲಿಯ ದಂಡ. ಆಕೆಗೆ ಹದಿನೆಂಟು ತುಂಬಿತ್ತು. ಮತ ಹಾಕಬಹುದು, ಬ್ಯಾಂಕಿನಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕಬಹುದು, ತಡವಾಗಿ ಬಂದದ್ದಕ್ಕೆ ತಾನೇ ಉತ್ತರ ಹೇಳುವ ಹಾಗಿಲ್ಲ.

ಹಳೆಯ ಬೆಂಗಳೂರಿನ ಕಾಲೇಜುಗಳಲ್ಲಿ ಈ ಪದ್ಧತಿ ಹೇಗೆ ಬೇರೂರಿತು ಎಂದು ಯೋಚಿಸಿದರೆ ಅದಕ್ಕೊಂದು ಕಾರಣ ಕಾಣುತ್ತದೆ. ಇವು ಹೆಚ್ಚಾಗಿ ಬಡಾವಣೆಯ ಜನರೇ ಸೇರಿ ಕಟ್ಟಿದ ಸಂಸ್ಥೆಗಳು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ಹುಟ್ಟಿತು, ಕಾಲೇಜು 1945ರಲ್ಲಿ ಬಂತು. ಆಚಾರ್ಯ ಪಾಠಶಾಲೆ 1935ರದು. ಮಲ್ಲೇಶ್ವರದ ಮೈಸೂರು ಎಜುಕೇಷನ್ ಸೊಸೈಟಿ 1956ರದು. ಮೇಷ್ಟ್ರಿಗೆ ಹುಡುಗನ ಅಪ್ಪ ಗೊತ್ತು, ಮನೆ ಗೊತ್ತು. ಗಾಂಧಿ ಬಜಾರಿನಲ್ಲಿ ಸಂಜೆ ತರಕಾರಿ ಕೊಳ್ಳುವಾಗ ಇಬ್ಬರೂ ಎದುರಾದರೆ "ನಿಮ್ಮವನು ಈಚೆಗೆ ಕ್ಲಾಸಿಗೆ ಕಾಣ್ತಿಲ್ಲವಲ್ಲ" ಎಂಬ ಒಂದೇ ಮಾತು ಸಾಕಾಗುತ್ತಿತ್ತು. ನಿಯಮ ಬರೆಯಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಆ ಕಾಲವನ್ನು ನೆನೆಸಿಕೊಂಡು ಶಿಸ್ತೆಂದರೆ ಹಾಗಿರಬೇಕು ಎನ್ನುವ ಹಿರಿಯರು ಈಗಲೂ ಸಿಗುತ್ತಾರೆ.

ಅವರ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ. ಆ ಪರಿಚಯದ ನ್ಯಾಯ ಪರಿಚಯ ಇದ್ದವರಿಗೆ ಮಾತ್ರ ದೊರಕುತ್ತಿತ್ತು. ಹಳ್ಳಿಯಿಂದ ಬಂದು ವಿದ್ಯಾರ್ಥಿ ನಿಲಯದಲ್ಲಿ ಉಳಿದ ಹುಡುಗನಿಗೆ, ಬೇರೆ ಜಾತಿಯವನಿಗೆ, ಬಡವನಿಗೆ ಒಬ್ಬ ಒಳ್ಳೆಯ ಮೇಷ್ಟ್ರ ದಯೆಯೇ ಗತಿ. ದಯೆ ಇದ್ದಲ್ಲಿ ಬಾಳು ಬೆಳಗಿತು, ಇಲ್ಲದ ಕಡೆ ಏನಾಯಿತು ಎಂದು ಯಾರೂ ಬರೆದಿಡಲಿಲ್ಲ. ಇವತ್ತಂತೂ ಆ ಬಡಾವಣೆಯೇ ಇಲ್ಲ. ನ್ಯಾಷನಲ್ ಕಾಲೇಜು ಎಂಬುದು ಈಗ ಮೆಟ್ರೊ ನಿಲ್ದಾಣದ ಹೆಸರೂ ಹೌದು. ಅಲ್ಲಿ ಇಳಿಯುವ ಮಕ್ಕಳು ಕನಕಪುರ ರಸ್ತೆಯಿಂದ, ಪೀಣ್ಯದಿಂದ, ಇನ್ನೂ ಆಚೆಯ ಊರುಗಳಿಂದ ಬರುತ್ತಾರೆ. ಸಂಜೆ ಅಂಗಡಿಯಲ್ಲಿ ಬಿಲ್ ಹಾಕುವವರಿದ್ದಾರೆ, ರಾತ್ರಿ ಬೈಕಿನಲ್ಲಿ ಊಟ ತಲುಪಿಸುವವರಿದ್ದಾರೆ. ಮೇಷ್ಟ್ರಿಗೆ ಇವರ ಮನೆ ಗೊತ್ತಿಲ್ಲ, ಗೊತ್ತಾಗಲು ಸಮಯವೂ ಇಲ್ಲ. ಪರಿಚಯ ಹೋಯಿತು, ಅದರ ಜೊತೆಗಿದ್ದ ಅಧಿಕಾರ ಮಾತ್ರ ಉಳಿಯಿತು. ಪರಿಚಯ ಮಾಡುತ್ತಿದ್ದ ಕೆಲಸವನ್ನು ಈಗ ಬರೆದ ಕ್ರಮ ಮಾಡಬೇಕಾಗಿದೆ.

ಬಸವನಗುಡಿಯಲ್ಲಿ ಶಿಸ್ತಿನ ಮಾತೆತ್ತಿದರೆ ಎಚ್. ನರಸಿಂಹಯ್ಯನವರ ಹೆಸರು ಬರಲೇಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ನಡೆದುಕೊಂಡೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಬಡ ಹುಡುಗ, ಮುಂದೆ ಅದೇ ಸಂಸ್ಥೆಯ ಕಾಲೇಜಿಗೆ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮದುವೆಯಾಗದೆ, ಖಾದಿ ಟೋಪಿ ತೆಗೆಯದೆ, ಕೊನೆಯವರೆಗೂ ಕಾಲೇಜಿನ ವಿದ್ಯಾರ್ಥಿ ನಿಲಯದ ಕೋಣೆಯಲ್ಲೇ ಬದುಕಿ 2005ರಲ್ಲಿ ತೀರಿಕೊಂಡರು. ಅವರಷ್ಟು ಶಿಸ್ತಿನ ಮನುಷ್ಯ ಸಿಗುವುದು ಕಷ್ಟ. ಅದೇ ನರಸಿಂಹಯ್ಯನವರು 1942ರಲ್ಲಿ ಸೆಂಟ್ರಲ್ ಕಾಲೇಜಿನ ಆನರ್ಸ್ ವಿದ್ಯಾರ್ಥಿಯಾಗಿದ್ದಾಗ ಓದು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಇಳಿದರು, ಜೈಲಿಗೆ ಹೋದರು. ಹೊರಬಂದ ಮೇಲೆ ಮತ್ತೆ ಸೇರಿಕೊಂಡು ಓದು ಮುಗಿಸಿದರು. ಆಗಿನ ಕಾಲೇಜು ಈಗಿನ ಮುಚ್ಚಳಿಕೆಯ ಮುಷ್ಕರ ಮೆರವಣಿಗೆಗಳ ಸಾಲನ್ನು ಹಿಡಿದು, ಚಳವಳಿಯಲ್ಲಿ ಭಾಗವಹಿಸಿದವನಿಗೆ ಮರುಪ್ರವೇಶವಿಲ್ಲ ಎಂದಿದ್ದರೆ ಬಸವನಗುಡಿ ಏನನ್ನು ಕಳೆದುಕೊಳ್ಳುತ್ತಿತ್ತು ಎಂದು ಯೋಚಿಸಿ. 1962ರಲ್ಲಿ ಅವರು ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ಇರುತ್ತಿರಲಿಲ್ಲ, ಬಾಗೇಪಲ್ಲಿ, ಗೌರಿಬಿದನೂರಿನ ಕಾಲೇಜುಗಳೂ ಇರುತ್ತಿರಲಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದ ಆ ಮನುಷ್ಯನ ಊರಿನಲ್ಲೇ, ಓದದ ಹಾಳೆಗೆ ಸಹಿ ಹಾಕುವುದನ್ನು ಮಕ್ಕಳಿಗೆ ಮೊದಲ ದಿನದ ಪಾಠವಾಗಿ ಕಲಿಸುತ್ತಿದ್ದೇವೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಕಾನೂನು ಏನು ಹೇಳುತ್ತದೆ? ಅನೇಕ ಪ್ರಾಂಶುಪಾಲರು ಭಾವಿಸಿರುವುದಕ್ಕಿಂತ ಹೆಚ್ಚು ಹೇಳುತ್ತದೆ. 1954ರಲ್ಲಿ ಉತ್ತರ ಪ್ರದೇಶದಲ್ಲಿ ಇಂಟರ್‌ಮೀಡಿಯೆಟ್ ಪಾಸಾಗಿದ್ದ ಮೂವರು ಹುಡುಗರ ಫಲಿತಾಂಶವನ್ನು ಪರೀಕ್ಷಾ ಮಂಡಳಿ ಅಕ್ರಮದ ಆರೋಪದ ಮೇಲೆ ರದ್ದು ಮಾಡಿತು, ಅವರನ್ನು ಒಂದು ಮಾತೂ ಕೇಳಲಿಲ್ಲ. ಘನಶ್ಯಾಮದಾಸ ಗುಪ್ತ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪು ಕೊಟ್ಟಿತು. ಒಬ್ಬ ವಿದ್ಯಾರ್ಥಿಯ ಇಡೀ ಬದುಕಿನ ಮೇಲೆ ಪರಿಣಾಮ ಬೀರುವ ಶಿಕ್ಷೆ ಕೊಡುವ ಮುನ್ನ ಅವನ ಮಾತು ಕೇಳಬೇಕು. ಹಾಗೆ ಕೇಳಬೇಕೆಂದು ನಿಯಮದಲ್ಲಿ ಬರೆದಿಲ್ಲ ಎಂಬುದು ಕೇಳದಿರಲು ಕಾರಣವಲ್ಲ. ಆರು ದಶಕ ಕಳೆದಿವೆ. ಇಂದಿಗೂ ಎಷ್ಟು ಕಾಲೇಜುಗಳಲ್ಲಿ ನೋಟಿಸ್ ಬೋರ್ಡಿನಲ್ಲಿ ಅಮಾನತಿನ ಹಾಳೆ ಅಂಟಿಸಿದ ಮೇಲೆಯೇ ಹುಡುಗನಿಗೆ ತನ್ನ ಮೇಲಿನ ಆರೋಪ ತಿಳಿಯುತ್ತದೆ!

ಇನ್ನೊಂದು ತೀರ್ಪು ಕೇರಳದ್ದು. 1985ರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ತಮ್ಮ ಧರ್ಮ ಒಪ್ಪುವುದಿಲ್ಲವೆಂದು ಹಾಡದೆ ಉಳಿದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ವಾಪಸು ಸೇರಿಸಿಕೊಳ್ಳುವಂತೆ ಹೇಳಿತು. ತೀರ್ಪು ಬರೆದವರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ; ನಮ್ಮ ರಾಜ್ಯದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದಿಂದ ಕರ್ನಾಟಕದವರಿಗೆ ಅವರ ಹೆಸರು ಪರಿಚಿತ. ಇಲಾಖೆಯ ಸುತ್ತೋಲೆಗೆ ಕಾನೂನಿನ ಬಲವಿಲ್ಲದಿದ್ದರೆ ಅದನ್ನು ತೋರಿಸಿ ಮೂಲಭೂತ ಹಕ್ಕನ್ನು ಕಸಿಯುವಂತಿಲ್ಲ ಎಂಬುದು ಅದರ ಸಾರಗಳಲ್ಲಿ ಒಂದು. ಸರ್ಕಾರದ ಸುತ್ತೋಲೆಗೇ ಆ ಮಿತಿ ಇರುವಾಗ ಒಂದು ಆಡಳಿತ ಮಂಡಳಿ ಅಚ್ಚು ಹಾಕಿಸಿದ ಹಾಳೆ ಎಲ್ಲಿ ನಿಲ್ಲುತ್ತದೆ?

2022ರ ಹಿಜಾಬ್ ವಿವಾದ ಈ ಪ್ರಶ್ನೆಯನ್ನು ನಮ್ಮ ಮನೆ ಬಾಗಿಲಿಗೇ ತಂದಿತ್ತು. ಉಡುಪಿಯ ಕಾಲೇಜಿನಲ್ಲಿ ಆರಂಭವಾಗಿ, ಫೆಬ್ರುವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು ದಾಟಿ, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿನಲ್ಲಿ ಬಂದು ನಿಂತಿತು. ಉಡುಪಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಶೈಕ್ಷಣಿಕ ವರ್ಷದ ನಡುವೆ ಗೇಟಿನ ಬಳಿ ಹುಡುಗಿಯರನ್ನು ತಡೆದು ನಿಲ್ಲಿಸಿ ಆಮೇಲೆ ನಿಯಮವನ್ನು ಚರ್ಚಿಸಿದ್ದು ಸರಿಯಲ್ಲ. ಚರ್ಚೆ ಮೊದಲು ಆಗಬೇಕು, ಅದರಲ್ಲಿ ಆ ಹುಡುಗಿಯರೂ ಕೂತಿರಬೇಕು.

ಇಷ್ಟು ಓದಿದ ಉಪನ್ಯಾಸಕರಿಗೆ ಸಿಟ್ಟು ಬರುವುದು ಸಹಜ. ಒಂದೊಂದು ಸೆಕ್ಷನ್ನಿನಲ್ಲಿ ತುಂಬಿ ತುಳುಕುವಷ್ಟು ಮಕ್ಕಳು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. ತಮ್ಮ ಕೆಲಸ ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಹಿಂದಿನ ಬೆಂಚಿನ ಗಲಾಟೆಯನ್ನು ಯಾವ ಧೈರ್ಯದಿಂದ ತಡೆಯಬೇಕು? ಮಲ್ಲೇಶ್ವರದ ಪೋಷಕರು ತಾವೇ ಬಂದು "ಸ್ವಲ್ಪ ಸ್ಟ್ರಿಕ್ಟಾಗಿ ಇಟ್ಟುಕೊಳ್ಳಿ ಸರ್" ಎಂದು ಕೇಳುತ್ತಾರೆ. ಪ್ರತಿ ಸಣ್ಣ ವಿಷಯಕ್ಕೂ ಸಮಿತಿ, ವಿಚಾರಣೆ, ಮೇಲ್ಮನವಿ ಎಂದು ಕೂತರೆ ಸಿಲಬಸ್ ಮುಗಿಸುವುದು ಯಾವಾಗ?

ಈ ಕಷ್ಟಗಳು ನಿಜ. ಉತ್ತರ, ಎಲ್ಲದಕ್ಕೂ ವಿಚಾರಣೆ ನಡೆಸಿ ಎಂಬುದಲ್ಲ. ಪಟ್ಟಿಯನ್ನೇ ಚಿಕ್ಕದು ಮಾಡಿ ಎಂಬುದು. ಕೂದಲು, ಜೀನ್ಸ್, ಯಾರ ಜೊತೆ ಯಾರು ಕ್ಯಾಂಟೀನಿನಲ್ಲಿ ಕೂತರು ಎಂಬುದು ಹದಿನೆಂಟು ದಾಟಿದವರ ಸ್ವಂತ ವಿಷಯ. ಅದನ್ನು ಕೈಬಿಟ್ಟರೆ ಉಪನ್ಯಾಸಕರ ತಲೆನೋವು ಅರ್ಧ ಇಳಿಯುತ್ತದೆ. ತಡವಾಗಿ ಬಂದವರ ಹಾಜರಿ ಹೋಗಲಿ, ಗೇಟಿನಾಚೆ ಬೀದಿಯಲ್ಲಿ ನಿಲ್ಲಿಸುವುದು ಬೇಡ. ಒಳಗೆ ಗ್ರಂಥಾಲಯವಿದೆ, ಮುಂದಿನ ಪೀರಿಯಡ್ಡಿನ ತನಕ ಅಲ್ಲಿ ಕೂರಲಿ. ಉಳಿಯುವುದು ರ್‍ಯಾಗಿಂಗ್, ಲೈಂಗಿಕ ಕಿರುಕುಳ, ಹೊಡೆದಾಟ, ಜಾತಿ ನಿಂದನೆ, ನಕಲು. ಇವುಗಳ ವಿಷಯದಲ್ಲಿ ನಾನು ಕರುಣೆ ಕೇಳುತ್ತಿಲ್ಲ.

ಇಂಥ ಗಂಭೀರ ಆರೋಪಗಳಲ್ಲೂ ನ್ಯಾಯಾಲಯಗಳು ಕಾಲೇಜಿನ ಕೈ ಕಟ್ಟಿಹಾಕಿಲ್ಲ. ಬಿಹಾರದ ಒಂದು ಪರೀಕ್ಷಾ ಕೇಂದ್ರದಲ್ಲಿ ಸಾಮೂಹಿಕವಾಗಿ ನಕಲು ನಡೆದಾಗ ಪ್ರತಿಯೊಬ್ಬರನ್ನೂ ಬೇರೆ ಬೇರೆ ವಿಚಾರಿಸಬೇಕಿಲ್ಲ, ಪರೀಕ್ಷೆಯನ್ನೇ ರದ್ದು ಮಾಡಬಹುದು ಎಂದು 1970ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನ ಪ್ರಕರಣ ಇನ್ನೂ ಮುಖ್ಯವಾದದ್ದು. ರಾತ್ರಿ ಹುಡುಗಿಯರ ಹಾಸ್ಟೆಲಿಗೆ ನುಗ್ಗಿ ಅಸಭ್ಯವಾಗಿ ನಡೆದುಕೊಂಡ ವಿದ್ಯಾರ್ಥಿಗಳ ವಿರುದ್ಧ ಮೂವರು ಅಧ್ಯಾಪಕರ ಸಮಿತಿ ವಿಚಾರಣೆ ನಡೆಸಿತು. ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳ ಕಣ್ಣೆದುರು ಪಡೆಯಲಿಲ್ಲ, ಫೋಟೊಗಳ ನಡುವಿನಿಂದ ಗುರುತು ಹಿಡಿಸಿದರು, ಆಮೇಲೆ ಆರೋಪಿಗಳನ್ನು ಕರೆಸಿ ಆರೋಪ ತಿಳಿಸಿ ಉತ್ತರ ಕೇಳಿದರು. ತಮ್ಮೆದುರು ಸಾಕ್ಷಿ ವಿಚಾರಣೆ ಆಗಲಿಲ್ಲ ಎಂದು ಹುಡುಗರು ಸುಪ್ರೀಂ ಕೋರ್ಟಿನವರೆಗೆ ಹೋದರು. 1973ರಲ್ಲಿ ಅವರ ವಾದ ಬಿದ್ದುಹೋಯಿತು. ಹುಡುಗಿಯರ ರಕ್ಷಣೆಯೂ ಆಯಿತು, ಆರೋಪಿಯ ಮಾತು ಕೇಳಿದಂತೆಯೂ ಆಯಿತು. ನ್ಯಾಯಬದ್ಧ ಕ್ರಮವೆಂದರೆ ಕೋರ್ಟಿನಂತೆ ವರ್ಷಗಟ್ಟಲೆ ಎಳೆಯುವುದು ಎಂದು ಹೆದರುವವರು ಈ ಪ್ರಕರಣವನ್ನು ಓದಬೇಕು. ಕ್ರಮ ಪಾಲಿಸಿದ್ದರಿಂದಲೇ ಆ ಶಿಕ್ಷೆ ಕೋರ್ಟಿನಲ್ಲಿ ನಿಂತಿತು. ಕ್ರಮವಿಲ್ಲದೆ ಸಿಟ್ಟಿನಲ್ಲಿ ಡಿಬಾರ್ ಮಾಡಿದ ಕಾಲೇಜು, ನಿಜವಾದ ಅಪರಾಧಿಯನ್ನೂ ತಡೆಯಾಜ್ಞೆಯ ಮೂಲಕ ಒಳಗೆ ಬಿಟ್ಟುಕೊಳ್ಳಬೇಕಾಗುತ್ತದೆ.

ಬರೆದ ಕ್ರಮ ಇರಲಿ ಎಂದು ನಾನು ಹೊಸದಾಗಿ ಕೇಳುತ್ತಿಲ್ಲ, ಅದು ಆಗಲೇ ಇದೆ. ಮಾಜಿ ಸಿಬಿಐ ನಿರ್ದೇಶಕ ಆರ್.ಕೆ. ರಾಘವನ್ ಸಮಿತಿಯ ವರದಿಯ ನಂತರ, 2009ರಲ್ಲಿ ಯುಜಿಸಿಯ ರ್‍ಯಾಗಿಂಗ್ ವಿರೋಧಿ ನಿಯಮಾವಳಿ ಬಂತು. ಲೈಂಗಿಕ ಕಿರುಕುಳದ ಬಗ್ಗೆ 2015ರ ನಿಯಮಾವಳಿಯಿದೆ. ವಿದ್ಯಾರ್ಥಿಗಳು ಭಾಗಿಯಾದ ದೂರಾದರೆ ಆಂತರಿಕ ದೂರು ಸಮಿತಿಯಲ್ಲಿ ಚುನಾಯಿತ ವಿದ್ಯಾರ್ಥಿಗಳೂ ಇರಬೇಕೆಂದು ಅದು ಹೇಳುತ್ತದೆ. ಅತ್ಯಂತ ಸೂಕ್ಷ್ಮವಾದ ವಿಷಯದಲ್ಲೇ ವಿದ್ಯಾರ್ಥಿಗಳ ವಿವೇಕವನ್ನು ನಂಬಬಹುದಾದರೆ, ಲೈಬ್ರರಿ ದಂಡದ ನಿಯಮ ಬರೆಯುವಾಗ ಏಕೆ ನಂಬಬಾರದು? 2023ರ ಕುಂದುಕೊರತೆ ನಿವಾರಣಾ ನಿಯಮಾವಳಿಯಂತೂ ಪ್ರತಿ ಕಾಲೇಜಿನಲ್ಲೂ ಸಮಿತಿ ಇರಬೇಕು, ಅದು ಹದಿನೈದು ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹೋಗಬಹುದು ಎನ್ನುತ್ತದೆ. ಪ್ರವೇಶ ಶುರುವಾಗುವ ಕನಿಷ್ಠ 60 ದಿನ ಮೊದಲೇ ಶಿಸ್ತಿನ ನಿಯಮಗಳನ್ನೂ ಒಳಗೊಂಡ ವಿವರಣ ಪುಸ್ತಿಕೆಯನ್ನು ಪ್ರಕಟಿಸಬೇಕು ಎಂಬುದೂ ಅದರಲ್ಲಿದೆ. ಶುಲ್ಕ ಕಟ್ಟುವ ಕಿಟಕಿಯ ಎದುರು ಮೊದಲ ಸಲ ಕೈಗೆ ಸಿಗುವ ಹಾಳೆ ಈ ನಿಯಮಕ್ಕೆ ವಿರುದ್ಧ. ವಿದ್ಯಾರ್ಥಿಗಳ ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳಬಾರದೆಂದು 2018ರಲ್ಲೇ ಯುಜಿಸಿ ಹೇಳಿದ್ದರೂ, ಕಾರ್ಡು ಕೊಡಲ್ಲ, ಟಿ.ಸಿ. ಕೊಡಲ್ಲ ಎಂಬ ಬೆದರಿಕೆಯೇ ನಮ್ಮಲ್ಲಿ ಶಿಸ್ತಿನ ಮುಖ್ಯ ಅಸ್ತ್ರವಾಗಿದೆ.

ಈ ನಿಯಮಾವಳಿಗಳು ಕಾಗದದಲ್ಲೇ ಉಳಿದದ್ದಕ್ಕೆ ಒಂದು ಕಾರಣ, ಅವುಗಳನ್ನು ಕೇಳುವ ದನಿ ಕಾಲೇಜಿನೊಳಗೆ ಇಲ್ಲದಿರುವುದು. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1989-90ರ ಸುಮಾರಿಗೆ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ನಿಲ್ಲಿಸಲು ಕಾರಣ ಇರಲಿಲ್ಲವೆಂದಲ್ಲ. ಹೊಡೆದಾಟ, ಹಣ, ಪಕ್ಷಗಳ ಕೈವಾಡವನ್ನು ಕಂಡವರಿಗೆ ಆ ನೆನಪು ಇನ್ನೂ ಇದೆ. ಆದರೆ 2006ರಲ್ಲಿ ಲಿಂಗ್ಡೊ ಸಮಿತಿ ಅದಕ್ಕೂ ದಾರಿ ತೋರಿಸಿತು: ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು, ಶೇಕಡಾ 75 ಹಾಜರಿ ಇರಬೇಕು, ಅಚ್ಚು ಹಾಕಿಸಿದ ಪೋಸ್ಟರ್ ಬೇಡ. ಈಗ ನಮ್ಮಲ್ಲಿ ಇರುವ ಕ್ಲಾಸ್ ರೆಪ್ರೆಸೆಂಟೇಟಿವ್ ಹೆಚ್ಚಿನ ಕಡೆ ಮೇಷ್ಟ್ರು ಆರಿಸಿದ ಜಾಣ ಹುಡುಗಿ ಅಥವಾ ಹುಡುಗ. ಅಸೈನ್‌ಮೆಂಟ್ ಒಟ್ಟು ಮಾಡುವುದು, ವಾಟ್ಸ್ಆ್ಯಪ್ ಗುಂಪಿಗೆ ಸೂಚನೆ ಹಾಕುವುದು ಅವರ ಕೆಲಸ. ಸಹಪಾಠಿಯ ಪರವಾಗಿ ಪ್ರಾಂಶುಪಾಲರ ಎದುರು ನಿಂತು ಮಾತಾಡುವ ಹೊಣೆ ಅವರಿಗೆ ಯಾರೂ ಕೊಟ್ಟಿಲ್ಲ. ಪೂರ್ಣ ಚುನಾವಣೆಗೆ ಹೆದರಿಕೆಯಾದರೆ ತರಗತಿಯಿಂದಲೇ ಆರಂಭಿಸಬಹುದು. ಗುಪ್ತ ಮತದಾನದಿಂದ ತರಗತಿಗೆ ಇಬ್ಬರು, ಅವರಲ್ಲಿ ಒಬ್ಬಳು ಹುಡುಗಿ. ಅವರಿಂದ ಕೆಲವರು ಶಿಸ್ತು ಸಮಿತಿಗೆ. ಇದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ಎಲ್ಲಕ್ಕಿಂತ ಗಟ್ಟಿ ಗಂಟು ಇಂಟರ್ನಲ್ ಅಂಕಗಳದ್ದು. ಯಾವ ವಿದ್ಯಾರ್ಥಿಯನ್ನಾದರೂ ಕೇಳಿ, ದೂರು ಕೊಡದಿರಲು ಕಾರಣ ಅದೇ: "ಇಂಟರ್ನಲ್ಸ್ ಅವರ ಕೈಯಲ್ಲಿದೆಯಲ್ಲ." ಅಂಕ ಕಡಿಮೆಯಾದರೆ ಅದಕ್ಕೆ ಆದೇಶವಿಲ್ಲ, ಕಾರಣ ಬರೆಯಬೇಕಿಲ್ಲ, ಮೇಲ್ಮನವಿಯೂ ಇಲ್ಲ. ಹೆಚ್ಚಿನ ಅಧ್ಯಾಪಕರು ಹಾಗೆ ಮಾಡುವವರಲ್ಲ ಎಂಬುದು ನನಗೆ ಗೊತ್ತು, ಆದರೆ ಮಾಡಬಹುದು ಎಂಬ ಹೆದರಿಕೆಯೊಂದೇ ಬಾಯಿ ಕಟ್ಟಲು ಸಾಕು. ಹಾಗಾಗಿ ಕುಂದುಕೊರತೆ ಸಮಿತಿಯ ಹೆಸರುಗಳನ್ನು ಬೋರ್ಡಿನಲ್ಲಿ ಬರೆದಷ್ಟಕ್ಕೆ ಯಾರೂ ಬಾಗಿಲು ತಟ್ಟುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಏರಿಸುವ ಮುನ್ನ ಇಂಟರ್ನಲ್ ಅಂಕಗಳ ವಿಂಗಡಣೆಯನ್ನು ಪ್ರತಿ ವಿದ್ಯಾರ್ಥಿಗೂ ತೋರಿಸಿ ಸಹಿ ಪಡೆಯಬೇಕು. ದೂರು ಕೊಟ್ಟವರ, ಆರೋಪ ಎದುರಿಸುತ್ತಿರುವವರ ಆ ಸೆಮಿಸ್ಟರಿನ ಟೆಸ್ಟ್ ಪುಸ್ತಕ ಮತ್ತು ಅಸೈನ್‌ಮೆಂಟುಗಳನ್ನು ಅದೇ ವಿಷಯದ ಬೇರೆ ಅಧ್ಯಾಪಕರು, ಅಗತ್ಯಬಿದ್ದರೆ ಪಕ್ಕದ ಕಾಲೇಜಿನವರು, ನೋಡಬೇಕು. ಬಸವನಗುಡಿಯಲ್ಲಿ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟೇ ದೂರ. ಈ ಏರ್ಪಾಡನ್ನು ನಾಲ್ಕು ಪ್ರಾಂಶುಪಾಲರು ಒಂದು ಸಂಜೆ ಕೂತು ಮಾತಾಡಿ ಈ ವರ್ಷದಿಂದಲೇ ಜಾರಿಗೆ ತರಬಹುದು.